ಬಂದ ಡಾಕ್ಟ್ರು ನಮ್ಮೂರಲ್ಲಿ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನಮ್ಮದು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ಒಂದು ಸಣ್ಣ ಊರು. 36 ವರ್ಷ ಇಲ್ಲೇ ಕ್ಲಿನಿಕ್ ಇಟ್ಟುಕೊಂಡಿದ್ದ ಡಾಕ್ಟ್ರು ತೀರಿಕೊಂಡು ನಾಲ್ಕು ವರ್ಷವಾಯಿತು. ಆಮೇಲೆ ಮೂವರು ಬಂದರು, ಒಬ್ಬರೂ ವರ್ಷ ತುಂಬಿಸಲಿಲ್ಲ. ಕೊನೆಗೆ ಬಂದವರು ಹೆಣ್ಣುಮಗಳು, ಕ್ಲಿನಿಕ್ಕಿನ ಮುಂದೆ ಒಂದು ಗಲಾಟೆ ಆದ ಮೇಲೆ ಹೊರಟುಹೋದರು. ಪಿಎಚ್‌ಸಿ (ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ) 11 ಕಿಲೋಮೀಟರ್ ದೂರ. ಈಗ ನಮ್ಮ ಸಹಕಾರಿ ಸೊಸೈಟಿಯವರು, ಬೆಂಗಳೂರಿನಲ್ಲಿರುವ ನಮ್ಮೂರಿನವರು ಸೇರಿ ತಿಂಗಳಿಗೆ 1.2 ಲಕ್ಷ ಕೊಡಲು ತಯಾರಿದ್ದೇವೆ. ಮನೆಯೂ ಇದೆ. ಪೇಪರಿನಲ್ಲಿ ಜಾಹೀರಾತು ಕೊಡೋಣ ಅಂತಿದ್ದೇವೆ. ಡಾಕ್ಟ್ರು ಬಂದು ನಿಲ್ಲುವ ಹಾಗೆ ಮಾಡಲು ಇನ್ನೇನು ಮಾಡಬೇಕು?

ಉತ್ತರ: ಜಾಹೀರಾತನ್ನು ಎರಡು ತಿಂಗಳು ಮುಂದಕ್ಕೆ ಹಾಕಿ. ನಾನು ಮೊದಲು ಹೇಳುವುದು ಅದನ್ನೇ. ದುಡ್ಡು ಕೂಡಿಸಿದ್ದೀರಿ, ಮನೆ ಇದೆ, ಊರು ಒಂದಾಗಿದೆ. ಇದೇನೂ ಸಣ್ಣ ಕೆಲಸವಲ್ಲ, ಇಷ್ಟೂ ಮಾಡದ ಊರುಗಳನ್ನು ತುಂಬ ನೋಡಿದ್ದೇನೆ. ಆದರೆ ಆ ಮೂವರು ಯಾಕೆ ಹೋದರು ಅಂತ ನೀವು ಬರೆದಿಲ್ಲ. ಗಲಾಟೆ ಆಗಿದ್ದು ಮೂರನೆಯವರ ಕಾಲದಲ್ಲಿ. ಮೊದಲಿನ ಇಬ್ಬರು? ಅವರಿಗೆ ಒಂದೊಂದು ಫೋನ್ ಮಾಡಿ. ವಾಪಸ್ ಬನ್ನಿ ಅನ್ನುವುದಕ್ಕಲ್ಲ, ಸುಮ್ನೆ "ನಮ್ಮೂರಲ್ಲಿ ನಿಮಗೆ ಯಾವುದು ಕಷ್ಟ ಆಯ್ತು ಹೇಳಿ" ಅಂತ ಕೇಳಿ. ಮೊದಲು ಎಲ್ಲರೂ "ಪಿಜಿ ಓದಬೇಕಿತ್ತು" ಅಂತಲೇ ಅನ್ನುತ್ತಾರೆ. ಅದು ಮರ್ಯಾದೆಗೆ ಹೇಳುವ ಮಾತು. ಹತ್ತು ನಿಮಿಷ ಸಮಾಧಾನವಾಗಿ ಮಾತಾಡಿದರೆ ಬೇರೆಯದು ಹೊರಗೆ ಬರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ.

ನನ್ನದನ್ನೇ ಹೇಳುತ್ತೇನೆ. 1992ರಲ್ಲಿ ನಾನು ಡಾಕ್ಟರಾಗಿ ಮೊದಲು ಸೇರಿದ ಊರಿನಲ್ಲಿ ಇದ್ದದ್ದು 14 ತಿಂಗಳು. ಸಂಬಳ ಸರಿಯಾಗಿ ಬರುತ್ತಿತ್ತು, ಜನ ಒಳ್ಳೆಯವರು. ಕ್ವಾರ್ಟರ್ಸ್ ಆಸ್ಪತ್ರೆಯ ಹಿಂದುಗಡೆ ಇತ್ತು. ಬಚ್ಚಲುಮನೆ ಬೇರೆ, ಅಂಗಳ ದಾಟಿ ಹೋಗಬೇಕು. ಅದರ ಬಾಗಿಲಿಗೆ ಚಿಲಕ ಇರಲಿಲ್ಲ. ಒಳಗಿನಿಂದ ಒಂದು ಮೊಳೆಗೆ ಹಗ್ಗ ಸುತ್ತಿ, ಇನ್ನೊಂದು ತುದಿ ಕೈಯಲ್ಲಿ ಹಿಡಿದುಕೊಂಡು ಸ್ನಾನ ಮಾಡುತ್ತಿದ್ದೆ. ಮೂರು ಸಲ ಅರ್ಜಿ ಕೊಟ್ಟೆ, ಚಿಲಕ ಬರಲಿಲ್ಲ. ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರೆ ಟಾರ್ಚ್ ಹಿಡಿದು ಒಬ್ಬಳೇ ಹೋಗುತ್ತಿದ್ದೆ, ಅದರ ಬಗ್ಗೆ ನನಗೆ ಬೇಜಾರು ಇರಲಿಲ್ಲ. ಆಮೇಲೆ ಒಂದು ದಿನ, ಆಷಾಢದ ಮಳೆ, ನನ್ನ ಎರಡು ವರ್ಷದ ಮಗನಿಗೆ ಜ್ವರ ಏರಿ ಫಿಟ್ಸ್ ಬಂತು. ಗಂಡ ಕೆಲಸದ ಮೇಲೆ ದಾವಣಗೆರೆಯಲ್ಲಿ. ಮಗುವನ್ನು ಎತ್ತಿಕೊಂಡು ರಸ್ತೆಗೆ ಬಂದು ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಜೀಪು ಇದ್ದ ಮನೆಗಳು ಆ ರಸ್ತೆಯಲ್ಲೇ ನಾಲ್ಕಿದ್ದವು. ಯಾರೂ ಕೆಟ್ಟವರಲ್ಲ, ಡಾಕ್ಟರಿಗೂ ಸಹಾಯ ಬೇಕಾಗುತ್ತೆ ಅಂತ ಯಾರಿಗೂ ಹೊಳೆದಿರಲಿಲ್ಲ ಅಷ್ಟೇ. ಮಗ ಹುಷಾರಾದ. ಆದರೆ ಆ ಬಸ್ಸಿನಲ್ಲಿ ಕೂತಾಗಲೇ ನನ್ನ ಮನಸ್ಸು ಊರು ಬಿಟ್ಟಿತ್ತು.

ಎರಡನೇ ಊರಿನಲ್ಲಿ 26 ವರ್ಷ ಇದ್ದೆ. ಅದೇನು ದೊಡ್ಡ ಊರಲ್ಲ, ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ. ಅಲ್ಲಿ ನಿಂತದ್ದು ಒಬ್ಬ ಮೇಷ್ಟ್ರಿಂದ. ನಾನು ಹೋಗಿ ತಿಂಗಳಾಗಿರಬೇಕು, ಒಂದು ಶನಿವಾರ ಸಂಜೆ ಬಂದು, "ಅಮ್ಮಾ, ನಾಳೆ ಭಾನುವಾರ. ನಾಳೆ ನಿಮ್ಮ ಬಾಗಿಲು ಯಾರೂ ತಟ್ಟೋದಿಲ್ಲ, ನಾನು ನೋಡ್ಕೋತೀನಿ" ಅಂದರು. ಮಾರನೇ ದಿನ ಬೆಳಿಗ್ಗೆ ಎಂಟಕ್ಕೇ ಬಂದು ನಮ್ಮ ಮನೆಯ ಜಗಲಿ ಮೇಲೆ ಪೇಪರ್ ಹಿಡಿದು ಕೂತರು. ಯಾರಾದರೂ ಗೇಟು ತೆಗೆದರೆ, "ಏನಾಗಿದೆ? ಎಷ್ಟು ದಿನದಿಂದ?" ಅಂತ ಅವರೇ ಕೇಳುವುದು. ನಾಲ್ಕು ದಿನದ ಕೆಮ್ಮಾದರೆ "ನಾಳೆ ಬಾರೋ, ಇವತ್ತು ಅವರೂ ಉಣ್ಣಲಿ" ಅಂತ ವಾಪಸ್ ಕಳಿಸುವುದು. ಎದೆನೋವು, ಹೆರಿಗೆ ನೋವು, ಹಾವು ಅಂದರೆ ಮಾತ್ರ ಒಳಗೆ ಬಂದು ನನ್ನನ್ನು ಕರೆಯುವುದು. ಸುಮಾರು ಒಂದು ವರ್ಷ ಹೀಗೆ ಕೂತರು. ಆಮೇಲೆ ಅವರು ಕೂರಬೇಕಾಗಿ ಬರಲಿಲ್ಲ, ಊರಿಗೇ ಅಭ್ಯಾಸವಾಗಿತ್ತು.

ನನ್ನ ಗಂಡನಿಗೆ ಅದೇ ಊರಿನ ಸೊಸೈಟಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ ಕೊಟ್ಟರು. ಸಂಬಳ ಕಡಿಮೆ, ಆದರೆ ನಾಲ್ಕು ಜನ ಒಂದೇ ಮನೆಯಲ್ಲಿ ಊಟ ಮಾಡುವಂತಾಯಿತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, 1.2 ಲಕ್ಷ ನೋಡಿ ಡಾಕ್ಟ್ರು ಬರುತ್ತಾರೆ. ಖಂಡಿತ ಬರುತ್ತಾರೆ. 2014ಕ್ಕೆ ಮೊದಲು ದೇಶದಲ್ಲಿ ಸುಮಾರು 51 ಸಾವಿರ ಎಂಬಿಬಿಎಸ್ ಸೀಟು ಇದ್ದವು, 2024ರ ಹೊತ್ತಿಗೆ 1.1 ಲಕ್ಷ ದಾಟಿದವು. ಹೊಸ ಡಾಕ್ಟರುಗಳು ಬೇಕಾದಷ್ಟು ಹೊರಗೆ ಬರುತ್ತಿದ್ದಾರೆ. ಬಂದವರು ಒಂಟಿಯಾಗುತ್ತಾರೆ, ಅದಕ್ಕೇ ಹೋಗುತ್ತಾರೆ. 24 ಗಂಟೆ ಒಬ್ಬರೇ ಜವಾಬ್ದಾರಿ ಹೊರಬೇಕು, ಸಂಶಯ ಬಂದರೆ ಕೇಳಲು ಇನ್ನೊಬ್ಬ ಡಾಕ್ಟರಿಲ್ಲ, ಸಂಜೆ ಮಾತಾಡಲು ಜನವಿಲ್ಲ, ಗಂಡ ಅಥವಾ ಹೆಂಡತಿ ಇನ್ನೊಂದು ಊರಿನಲ್ಲಿ. ಇದನ್ನು ದುಡ್ಡಿನಿಂದ ಎಷ್ಟು ದಿನ ಮುಚ್ಚಬಹುದು? ನನ್ನ ಅನುಭವದಲ್ಲಿ ಎಂಟರಿಂದ ಹತ್ತು ತಿಂಗಳು. ನಿಮ್ಮ ಮೂವರೂ ಅಷ್ಟರೊಳಗೇ ಹೋಗಿದ್ದಾರೆ, ಅಲ್ವಾ?

ಹಳ್ಳಿಯಲ್ಲಿ ನೆಲೆ ನಿಂತು ಹೆಸರು ಮಾಡಿದ ಡಾಕ್ಟರುಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. 1970ರಲ್ಲಿ ಮಹಾರಾಷ್ಟ್ರದ ಜಾಮಖೇಡಕ್ಕೆ ಹೋದ ರಜನಿಕಾಂತ್ ಮತ್ತು ಮೇಬಲ್ ಆರೋಳೆ ಗಂಡ ಹೆಂಡತಿ, ಇಬ್ಬರೂ ಡಾಕ್ಟರು. ಗಡಚಿರೋಲಿಯ ಅಭಯ್ ಬಂಗ್, ರಾಣಿ ಬಂಗ್ ಹಾಗೆಯೇ. ತಮಿಳುನಾಡಿನ ಸಿತ್ತಿಲಿಂಗಿ ಕಣಿವೆಯಲ್ಲಿ 1990ರ ದಶಕದಿಂದ ಇರುವ ರೆಜಿ ಮತ್ತು ಲಲಿತಾ ಕೂಡ. ನಮ್ಮ ಹೆಗ್ಗಡದೇವನಕೋಟೆ ಕಾಡಂಚಿನಲ್ಲಿ ಕೆಲಸ ಮಾಡಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು 1984ರಲ್ಲಿ ಶುರು ಮಾಡಿದ್ದು ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಮೆಡಿಕಲ್ ಕಾಲೇಜಿನ ಗೆಳೆಯರು. ಇವರ ತ್ಯಾಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆ ಮಾತು ನಿಜವೂ ಹೌದು. ಆದರೆ ನನ್ನ ಕಣ್ಣಿಗೆ ಬೀಳುವುದು ಇನ್ನೊಂದು. ಇವರಲ್ಲಿ ಯಾರೂ ಒಬ್ಬೊಬ್ಬರೇ ಇರಲಿಲ್ಲ. ರಾತ್ರಿ ಒಂದು ಕೇಸು ಕೈಮೀರಿದಾಗ ಮಾತಾಡಲು ಪಕ್ಕದಲ್ಲಿ ಇನ್ನೊಬ್ಬರು ಇದ್ದರು.

ಹಾಗಾಗಿ ಒಬ್ಬ ಡಾಕ್ಟರನ್ನು ಹುಡುಕಬೇಡಿ, ಇಬ್ಬರನ್ನು ಹುಡುಕಿ. ಗಂಡ ಹೆಂಡತಿ ಇಬ್ಬರೂ ಡಾಕ್ಟರಾದರೆ ತುಂಬ ಒಳ್ಳೆಯದು. ಆಗದಿದ್ದರೆ ಪಕ್ಕದ ಊರಿನವರ ಜೊತೆ ಸೇರಿ. 10-15 ಕಿಲೋಮೀಟರ್ ಒಳಗೆ ನಿಮ್ಮಂತೆಯೇ ಡಾಕ್ಟರಿಲ್ಲದೆ ಒದ್ದಾಡುತ್ತಿರುವ ಇನ್ನೊಂದು ಊರು ಇದ್ದೇ ಇರುತ್ತದೆ. ಎರಡು ಊರಿಗೆ ಇಬ್ಬರು. ಒಂದು ವಾರ ಇವರು ರಾತ್ರಿ ಫೋನ್ ನೋಡಿದರೆ ಮುಂದಿನ ವಾರ ಅವರು. ಒಬ್ಬರು ರಜೆ ಹೋದರೆ ಇನ್ನೊಬ್ಬರು ಎರಡೂ ಕಡೆ ಕೂರುತ್ತಾರೆ. ಪಿಎಚ್‌ಸಿಯ ಡಾಕ್ಟರನ್ನೂ ಈ ಮಾತುಕತೆಗೆ ಕರೆಯಿರಿ. ಸರ್ಕಾರಿ ಲೆಕ್ಕದಲ್ಲಿ ಬಯಲುಸೀಮೆಗೆ 30,000 ಜನಕ್ಕೆ, ಗುಡ್ಡಗಾಡಿಗೆ 20,000 ಜನಕ್ಕೆ ಒಂದು ಪಿಎಚ್‌ಸಿ. ಅಷ್ಟೂ ಜನರನ್ನು ನೋಡುವ ಆ ಡಾಕ್ಟರಿಗೂ ನಿಮ್ಮಲ್ಲಿ ಒಬ್ಬರು ಬಂದರೆ ಭಾರ ಇಳಿಯುತ್ತದೆ. ಪೈಪೋಟಿ ಅಂದುಕೊಳ್ಳುವ ಕಾರಣವೇ ಇಲ್ಲ.

ಬಾಂಡ್ ಡಾಕ್ಟರುಗಳ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಸಭೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು ಅಂತ ನಮ್ಮ ರಾಜ್ಯದಲ್ಲಿ 2012ರ ಕಾಯ್ದೆ ಇದೆ. ಖಾಲಿ ಹುದ್ದೆ ನೋಡಿಕೊಂಡು ಕಳಿಸುವ ಹಾಗೆ ಆಮೇಲೆ ತಿದ್ದುಪಡಿಯೂ ಆಯಿತು. ಅವರು ಹೋಗುವುದು ಸರ್ಕಾರಿ ಆಸ್ಪತ್ರೆಗೆ, ನಿಮ್ಮ ಕ್ಲಿನಿಕ್ಕಿಗಲ್ಲ. ಮತ್ತೆ ಕಡ್ಡಾಯದಿಂದ ಬಂದವರು ಕ್ಯಾಲೆಂಡರ್ ನೋಡುತ್ತಿರುತ್ತಾರೆ. ಅವರನ್ನು ಬೈಯಬೇಡಿ, 24 ವರ್ಷದ ಮಕ್ಕಳು ಅವರು, ಕೈಯಲ್ಲಿ ನೀಟ್ ಪಿಜಿ ಪುಸ್ತಕ ಇರುತ್ತದೆ. ಆದರೆ ಅವರನ್ನು ಮನೆಗೆ ಊಟಕ್ಕೆ ಕರೆಯಿರಿ. ಹಾಗೆ ಒಂದು ವರ್ಷ ಇದ್ದು ಪಿಜಿ ಮುಗಿಸಿ ಹತ್ತು ವರ್ಷದ ಮೇಲೆ ಅದೇ ತಾಲೂಕಿಗೆ ವಾಪಸ್ ಬಂದವರು ಇಬ್ಬರು ನನಗೆ ಗೊತ್ತು.

ಹಾಗಾದರೆ ಯಾರನ್ನು ಹುಡುಕಬೇಕು? ನಿಮ್ಮ ಹೈಸ್ಕೂಲಿಗೆ ಹೋಗಿ. ಹಳ್ಳಿಗೆ ಡಾಕ್ಟರನ್ನು ತರುವುದು ಹೇಗೆ ಅನ್ನುವುದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ಮಾರ್ಗಸೂಚಿ ಮಾಡಿತು, 2021ರಲ್ಲಿ ಅದನ್ನು ಪರಿಷ್ಕರಿಸಿತು. ಎರಡರಲ್ಲೂ ಒತ್ತಿ ಹೇಳಿದ ಮಾತು, ಹಳ್ಳಿಯಲ್ಲಿ ಹುಟ್ಟಿ ಬೆಳೆದ ವಿದ್ಯಾರ್ಥಿಗಳನ್ನು ಓದಿಸಿ, ಅವರು ಹಳ್ಳಿಗೆ ಮರಳುವ ಸಂಭವ ಜಾಸ್ತಿ ಅನ್ನುವುದು. ಜಪಾನಿನವರು 1972ರಲ್ಲೇ ಜಿಚಿ ಅನ್ನುವ ಮೆಡಿಕಲ್ ಕಾಲೇಜು ಶುರು ಮಾಡಿದರು. ಅಲ್ಲಿ ಪ್ರತಿ ಪ್ರಾಂತ್ಯದಿಂದ ಕೆಲವು ಮಕ್ಕಳನ್ನು ಆರಿಸಿ ಓದಿಸುತ್ತಾರೆ, ಅವರು ತಮ್ಮ ಪ್ರಾಂತ್ಯಕ್ಕೆ ವಾಪಸ್ ಬಂದು 9 ವರ್ಷ ಕೆಲಸ ಮಾಡಿದರೆ ಫೀಸು ಕಟ್ಟಬೇಕಾಗಿಲ್ಲ. ನಮ್ಮಲ್ಲೂ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದವರಿಗೆ ಬೇರೆ ಕೋಟಾ ಇದೆ. ಆ ಕೋಟಾದಲ್ಲಿ ಸೀಟು ಪಡೆದ ನಿಮ್ಮೂರ ಮಕ್ಕಳು ಈಗ ಎಲ್ಲಿದ್ದಾರೆ? ನಿಮ್ಮ ಹೋಬಳಿಯಿಂದ ಕಳೆದ 15 ವರ್ಷದಲ್ಲಿ ಎಂಬಿಬಿಎಸ್ ಸೇರಿದವರ ಪಟ್ಟಿ ಮಾಡಿ. ಊರಿನ ಅಳಿಯಂದಿರು, ಸೊಸೆಯಂದಿರಲ್ಲಿ ಡಾಕ್ಟರು ಇದ್ದರೆ ಅವರನ್ನೂ ಬರೆಯಿರಿ. ಸರ್ಕಾರಿ ಕೆಲಸದಿಂದ 60ಕ್ಕೆ ನಿವೃತ್ತರಾಗಿ ತೋಟಕ್ಕೆ ಮರಳಬೇಕು ಅಂತಿರುವವರನ್ನು ಮರೆಯಬೇಡಿ. ಅವರು ಪೂರ್ತಿ ದಿನ ಕೂರಲಾರರು, ಆದರೆ ಹೊಸಬರ ಬೆನ್ನ ಹಿಂದೆ ಒಬ್ಬ ಹಿರಿಯರು ಇದ್ದರೆ ಅದರ ಬಲವೇ ಬೇರೆ. ಪೇಪರಿನಲ್ಲಿ ಕೊಡುವ ಜಾಹೀರಾತಿಗಿಂತ ಈ ಪಟ್ಟಿಯಿಂದಲೇ ನಿಮಗೆ ಜನ ಸಿಗುತ್ತಾರೆ ಅಂತ ನನಗನ್ನಿಸುತ್ತದೆ.

ಈಗ ಮನೆ. ನಿಮ್ಮ ಪತ್ರದಲ್ಲಿ "ಮನೆಯೂ ಇದೆ" ಅಂತ ಎರಡೇ ಪದ. ಆ ಮನೆಯಲ್ಲಿ ನಿಮ್ಮ ಸೊಸೆಯನ್ನೋ ಮಗಳನ್ನೋ ಒಂದು ವಾರ ಇರಿಸಿ ನೋಡಿ, ಆಗ ಗೊತ್ತಾಗುತ್ತದೆ. ಏಪ್ರಿಲ್‌ನಲ್ಲಿ ಬಾವಿಯಲ್ಲಿ ನೀರು ಇರುತ್ತದಾ? ಬಚ್ಚಲಿನಲ್ಲಿ ಹಂಡೆ ಮಾತ್ರವೋ, ಗೀಸರ್ ಇದೆಯೋ? ಬೆಳಗಿನಿಂದ ಮಧ್ಯಾಹ್ನದವರೆಗೆ 40 ಜನರನ್ನು ನೋಡಿ ಬಂದವರು ಸೌದೆ ಊದುತ್ತಾ ಕೂರಲು ಆಗುವುದಿಲ್ಲ. ಮಳೆಗಾಲದಲ್ಲಿ ಗೋಡೆ ಬೆವರುತ್ತದಾ, ಒರಲೆ (ಗೆದ್ದಲು) ಹಿಡಿದಿದೆಯಾ? ಒಳಗೆ ಮೊಬೈಲ್ ಸಿಗುತ್ತದಾ, ಇಂಟರ್ನೆಟ್ ಇದೆಯಾ? ಇದು ಮನರಂಜನೆಗೆ ಅಂತ ಅಂದುಕೊಳ್ಳಬೇಡಿ. ಈಸಿಜಿ ಫೋಟೋ ತೆಗೆದು ಶಿವಮೊಗ್ಗದ ಹೃದಯದ ಡಾಕ್ಟರಿಗೆ ಕಳಿಸಿ ಎರಡು ನಿಮಿಷದಲ್ಲಿ ಉತ್ತರ ಪಡೆಯುವ ಡಾಕ್ಟರು ಒಂಟಿಯಲ್ಲ. ನೆಟ್‌ವರ್ಕ್ ಇಲ್ಲದ ಮನೆಯಲ್ಲಿ ಅದೇ ಡಾಕ್ಟರು ರಾತ್ರಿ ಪೂರ್ತಿ ಎದ್ದಿರುತ್ತಾರೆ. ಕ್ಲಿನಿಕ್ ಮತ್ತು ಮನೆ ಒಂದೇ ಕಟ್ಟಡದಲ್ಲಿ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಡುವೆ ಐದು ನಿಮಿಷ ನಡೆಯುವಷ್ಟು ದೂರವಾದರೂ ಇರಲಿ. ಈಗ ಎಂಬಿಬಿಎಸ್ ತರಗತಿಗಳಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳೇ ಇದ್ದಾರೆ, ನಿಮಗೆ ಸಿಗುವವರೂ ಹೆಣ್ಣುಮಗಳೇ ಆಗಿರಬಹುದು. ಚಿಲಕ ನೋಡಿ, ದಯವಿಟ್ಟು.

ರಾತ್ರಿ ವಿಷಯವನ್ನು ಡಾಕ್ಟ್ರು ಬರುವ ಮೊದಲೇ ಊರಿನ ಸಭೆಯಲ್ಲಿ ತೀರ್ಮಾನ ಮಾಡಿ. ಎದೆನೋವು, ಉಸಿರಾಟದ ತೊಂದರೆ, ಹೆರಿಗೆ, ಹಾವು ಕಡಿತ, ಮಕ್ಕಳ ಫಿಟ್ಸ್, ಪಾರ್ಶ್ವವಾಯು, ಮರದಿಂದ ಬಿದ್ದದ್ದು, ಇಂಥದ್ದಕ್ಕೆ ಮಾತ್ರ ರಾತ್ರಿ ಕರೆಯುವುದು. ನಿಮ್ಮ ಕಡೆ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಮತ್ತು ಗೊನೆ ಕೊಯ್ಲಿನಲ್ಲಿ ಮರದಿಂದ ಬೀಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಬಿದ್ದವರನ್ನು ಕೈಕಾಲು ಹಿಡಿದು ಎತ್ತದೆ ಹಲಗೆ ಮೇಲೆ ಮಲಗಿಸಿ ಸಾಗಿಸುವುದನ್ನು ಹತ್ತು ಹುಡುಗರಿಗೆ ಕಲಿಸಿದರೆ ಡಾಕ್ಟರ ಅರ್ಧ ಗಾಬರಿ ಇಳಿಯುತ್ತದೆ. 108 ಬರುವುದು ತಡವಾದರೆ ಯಾರ ವಾಹನ, ಯಾರು ಡ್ರೈವರ್ ಅನ್ನುವ ಪಾಳಿ ಬರೆದು ಕ್ಲಿನಿಕ್ಕಿನ ಗೋಡೆಗೆ ಅಂಟಿಸಿ. ಆ ಪಟ್ಟಿಯಲ್ಲಿ ಇನ್ನೊಂದು ಸಾಲು ಇರಲಿ: ಡಾಕ್ಟರ ಮನೆಯವರಿಗೆ ಹುಷಾರಿಲ್ಲದಿದ್ದರೂ ಇದೇ ವಾಹನ.

ಇಂಜೆಕ್ಷನ್ ವಿಷಯ ಹೇಳಲೇಬೇಕು. ಹೊಸದಾಗಿ ಬಂದವರು ಜ್ವರಕ್ಕೆ ಎರಡು ಗುಳಿಗೆ ಬರೆದುಕೊಟ್ಟು, ನೀರು ಜಾಸ್ತಿ ಕುಡೀರಿ, ಮೂರು ದಿನ ಬಿಟ್ಟು ಬನ್ನಿ ಅನ್ನುತ್ತಾರೆ. ಹೊರಗೆ ಬೆಂಚಿನ ಮೇಲೆ ಕೂತವರು, "ಇವರಿಗೆ ಏನೂ ಗೊತ್ತಿಲ್ಲ, ಸೂಜಿಯನ್ನೇ ಹಾಕೋದಿಲ್ಲ, ಹಳೇ ಡಾಕ್ಟ್ರ ಕೈಗುಣ ಇವರಿಗೆಲ್ಲಿ" ಅನ್ನುತ್ತಾರೆ. ಒಳಗೆ ಕೂತವರಿಗೆ ಇದು ಕೇಳಿಸುತ್ತದೆ. ದಿನಾ ಕೇಳಿಸುತ್ತದೆ. ನಿಮ್ಮ ಹಳೇ ಡಾಕ್ಟರಿಗೆ ಕೈಗುಣ ಇತ್ತು, ನಾನು ಒಪ್ಪುತ್ತೇನೆ. ಆದರೆ ಆ ಕೈಗುಣ ಅಂದರೆ 36 ವರ್ಷ ಅದೇ ಮನೆಗಳನ್ನು ನೋಡಿದ ಅನುಭವ. ಯಾರ ಅಪ್ಪನಿಗೆ ಶುಗರ್ ಇತ್ತು, ಯಾರು ಮಾತ್ರೆ ತಗೊಂಡೆ ಅಂತ ಹೇಳಿ ಕಿಟಕಿಯಿಂದ ಬಿಸಾಡುತ್ತಾರೆ, ಯಾವ ಮನೆಯಲ್ಲಿ ಹೊಟ್ಟೆನೋವು ಅಂದರೆ ನಿಜವಾಗಿ ದುಃಖ ಇದೆ, ಇದೆಲ್ಲ ಅವರಿಗೆ ಗೊತ್ತಿತ್ತು. ನಾರ್ವೆಯಲ್ಲಿ ಸುಮಾರು 45 ಲಕ್ಷ ಜನರ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಒಂದೇ ಕುಟುಂಬ ವೈದ್ಯರ ಹತ್ತಿರ 15 ವರ್ಷಕ್ಕಿಂತ ಜಾಸ್ತಿ ಕಾಲ ಹೋದವರಲ್ಲಿ, ಒಂದೇ ವರ್ಷದ ಪರಿಚಯ ಇದ್ದವರಿಗೆ ಹೋಲಿಸಿದರೆ, ತುರ್ತಾಗಿ ಆಸ್ಪತ್ರೆ ಸೇರುವುದು ಕಾಲುಭಾಗಕ್ಕಿಂತ ಜಾಸ್ತಿ ಕಡಿಮೆ ಇತ್ತು, ಸಾವಿನ ಸಂಭವ ಸುಮಾರು ಕಾಲುಭಾಗ ಕಡಿಮೆ. ನಮ್ಮ ಅಜ್ಜಿಯರು ಕೈಗುಣ ಅಂದಿದ್ದನ್ನೇ ಅವರು ಲೆಕ್ಕ ಹಾಕಿ ತೋರಿಸಿದರು ಅಂತ ನಾನು ತಿಳಿದುಕೊಂಡಿದ್ದೇನೆ.

ನಿಮ್ಮ ಭಾಗದಲ್ಲಿ ಇದಕ್ಕೆ ಇನ್ನೂ ಒಂದು ಕಾರಣ ಇದೆ. ಕಾಡಿನ ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2018ರ ಕೊನೆಗೆ ಸಾಗರ ತಾಲೂಕಿನ ಅರಳಗೋಡಿನಲ್ಲಿ ಮತ್ತೆ ಜೋರಾಗಿ ಬಂದು ಜನ ಸತ್ತರು. ಜನವರಿಯಲ್ಲಿ ಜ್ವರ, ತಲೆನೋವು ಅಂತ ಬಂದವರಿಗೆ "ದರಕಿಗೆ (ಒಣ ಎಲೆಗೆ) ಕಾಡಿಗೆ ಹೋಗಿದ್ರಾ? ಉಣುಗು ಕಚ್ಚಿತ್ತಾ? ಮಂಗ ಸತ್ತಿದ್ದು ನೋಡಿದ್ರಾ?" ಅಂತ ಕೇಳಬೇಕು ಅನ್ನುವುದು ನಾಲ್ಕು ಬೇಸಿಗೆ ಅಲ್ಲೇ ಕಳೆದವರಿಗೆ ತಾನಾಗಿ ಬಾಯಿಗೆ ಬರುತ್ತದೆ. ವರ್ಷಕ್ಕೊಬ್ಬರು ಬದಲಾದರೆ ಪ್ರತಿ ಸಲ ಮೊದಲಿಂದ ಶುರು.

ಹಾಗಾಗಿ ಹೊಸಬರಿಗೆ ಎರಡು ವರ್ಷ ಟೈಮ್ ಕೊಡಿ. ಊರಿನ ನಾಲ್ಕು ಜನ ಹಿರಿಯರು ಮೊದಲ ತಿಂಗಳೇ ತಮ್ಮ ಬಿಪಿ, ಶುಗರ್ ಅವರ ಹತ್ತಿರವೇ ತೋರಿಸಲಿ. ಶಿವಮೊಗ್ಗಕ್ಕೆ ಓಡದೆ ದೊಡ್ಡಮನೆಯವರೇ ಆ ಬೆಂಚಿನ ಮೇಲೆ ಕೂತರೆ ಉಳಿದವರ ಬಾಯಿ ತಾನಾಗಿ ಮುಚ್ಚುತ್ತದೆ.

ಆ ಗಲಾಟೆ. ಏನಾಯಿತು ಅಂತ ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ವೈದ್ಯರ ಮೇಲೆ ಕೈ ಮಾಡುವುದರ ವಿರುದ್ಧ ರಾಜ್ಯದಲ್ಲಿ 2009ರ ಕಾಯ್ದೆಯೇ ಇದೆ, ಜೈಲು ಶಿಕ್ಷೆಯೂ ಇದೆ. ಆದರೆ ಕೇಸು ಹಾಕಿ ಅದೇ ಊರಿನಲ್ಲಿ ಬಾಳುವುದು ಸುಲಭವಲ್ಲ. ನಾನು ಕೇಳುವುದು ಇಷ್ಟು: ಮಾರನೇ ದಿನ ಬೆಳಿಗ್ಗೆ ಆ ಹುಡುಗಿಯ ಮನೆಗೆ ಯಾರಾದರೂ ಹೋದರಾ? ಹೋಗಿ "ನಾವಿದ್ದೇವಮ್ಮ" ಅಂದರಾ? ಹೋಗಿರದಿದ್ದರೆ ಈಗಲಾದರೂ ಫೋನ್ ಮಾಡಿ ಕ್ಷಮೆ ಕೇಳಿ. ಡಾಕ್ಟರುಗಳು ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಾರೆ, ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ನಿಮ್ಮೂರಿನ ಹೆಸರು ಈಗಾಗಲೇ ಬಂದಿರುತ್ತದೆ. ಮುಂದೆ ಬರುವವರು ಅವರನ್ನು ಕೇಳಿಯೇ ಬರುತ್ತಾರೆ. ಆಗ ಅವರು "ಜನ ಆಮೇಲೆ ಫೋನ್ ಮಾಡಿದ್ದರು" ಅಂದರೂ ಸಾಕು.

ದುಡ್ಡಿನ ಬಗ್ಗೆ ಸ್ವಲ್ಪ. ಪೂರ್ತಿ ಸಂಬಳಕ್ಕಿಂತ, ಎರಡು ವರ್ಷಕ್ಕೆ ಕನಿಷ್ಠ ಆದಾಯದ ಭರವಸೆ ಕೊಡುವುದು ಒಳ್ಳೆಯದು. ಅಂದರೆ ಕ್ಲಿನಿಕ್ ಅವರದ್ದೇ, ಫೀಸು ಅವರದ್ದೇ, ತಿಂಗಳ ಆದಾಯ 1.2 ಲಕ್ಷಕ್ಕಿಂತ ಕಡಿಮೆಯಾದರೆ ಉಳಿದದ್ದು ಸೊಸೈಟಿ ತುಂಬುತ್ತದೆ. ದಿನಕ್ಕೆ 40 ಜನ, ತಲೆಗೆ 100 ರೂಪಾಯಿ, 25 ದಿನ ಅಂದರೆ ಒಂದು ಲಕ್ಷ. ನರ್ಸ್ ಸಂಬಳ, ಕರೆಂಟು ಕಳೆಯಿರಿ. ಹಾಗಾಗಿ ಮೊದಲಿಗೆ ನೀವು ತುಂಬಬೇಕಾಗುತ್ತದೆ, ಮೂರನೇ ವರ್ಷಕ್ಕೆ ಬೇಕಾಗದೆ ಹೋಗಬಹುದು. ಸಂಬಳ ಕೊಡುತ್ತೇವೆ ಅಂದ ಕೂಡಲೇ ಸೊಸೈಟಿಯ ಪ್ರತಿ ಡೈರೆಕ್ಟರೂ ಅವರಿಗೆ ಯಜಮಾನರಾಗಿಬಿಡುತ್ತಾರೆ, ಅದು ಬೇಡ. "ಅಡಿಕೆ ಮಾರಿದ ಮೇಲೆ ಕೊಡ್ತೀನಿ" ಅನ್ನುವ ಸಾಲದ ಬುಕ್ಕನ್ನು ಡಾಕ್ಟರ ಟೇಬಲ್ಲಿನಿಂದ ತೆಗೆದು ಸೊಸೈಟಿ ಕೌಂಟರಿನಲ್ಲಿ ಇಡಿ. ಆ ವಸೂಲಿ ನಿಮಗೆ ಗೊತ್ತಿರುವ ಕೆಲಸ. ವರ್ಷಕ್ಕೆ 30 ದಿನ ರಜೆ, ಬದಲಿ ಡಾಕ್ಟರ ಖರ್ಚು ಊರಿನದ್ದು ಅಂತ ಕರಾರಿನಲ್ಲೇ ಬರೆಯಿರಿ. ಬಿಟ್ಟು ಹೋದರೆ ದಂಡ ಅಂತ ಮಾತ್ರ ಬರೆಯಬೇಡಿ. ಅದನ್ನು ಓದಿದ ಕೂಡಲೇ ಒಳ್ಳೆಯವರು ಹಿಂದೆ ಸರಿಯುತ್ತಾರೆ.

ಕಾಗದಪತ್ರದ ಓಡಾಟ ನಿಮ್ಮದಾಗಿರಲಿ. ಕ್ಲಿನಿಕ್ಕಿಗೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಬೇಕು, ಸೂಜಿ-ಹತ್ತಿ ಕಸಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಹೊರ ರಾಜ್ಯದಲ್ಲಿ ಓದಿದವರಾದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿಯೂ ಬೇಕು. ಆಫೀಸಿಂದ ಆಫೀಸಿಗೆ ಡಾಕ್ಟರೇ ಅಲೆಯುವುದಕ್ಕಿಂತ ನಿಮ್ಮಲ್ಲಿ ತಿರುಗಾಟ ಬಲ್ಲ ಒಬ್ಬರು ಫೈಲ್ ಹಿಡಿದು ಜೊತೆಗೆ ಹೋದರೆ ಆ ಒಂದು ತಿಂಗಳ ಬೇಸರ ತಪ್ಪುತ್ತದೆ.

ಮನೆಯ ಫೋಟೋಗಳನ್ನು ನನಗೆ ಕಳಿಸಿ. ಮುಂಬಾಗಿಲಿನದು ಬೇಡ, ಅಡುಗೆಮನೆ, ಬಚ್ಚಲುಮನೆ, ಬಾವಿಯದು ಸಾಕು. ಹೋದ ಮೂವರು ಫೋನಿನಲ್ಲಿ ಏನು ಹೇಳಿದರು ಅನ್ನುವುದನ್ನೂ ಅವರ ಹೆಸರಿಲ್ಲದೆ ಬರೆದು ಕಳಿಸಿ. ಅದನ್ನು ಓದಿದ ಮೇಲೆ ಜಾಹೀರಾತಿನ ಒಕ್ಕಣೆ ನಾನೇ ಕೂತು ಬರೆದುಕೊಡುತ್ತೇನೆ.